ಸಾಯಬಣ್ಣನ ವಾರ್ಡು

ಕುಡಿತ ಬಿಡಿಸುವ ವಾರ್ಡನ್ನು ಮುನ್ಸಿಪಾಲಿಟಿಯವರು ಮುಚ್ಚಿದರು. ನಿಮ್ಮ ಜನರನ್ನು ನಿಮ್ಮ ಮಂಡಳಿಯವರೇ ನೋಡಿಕೊಳ್ಳಲಿ, ಡಾಕ್ಟರು ಆಗಾಗ ಬಂದು ಹೋಗುತ್ತಾರೆ ಎಂದುಬಿಟ್ಟರು. ಹಾಗಾಗಿ ನೀಲಾಬಾಯಿಯ ಗಂಡ ಖಂಡಪ್ಪ ಆಸ್ಪತ್ರೆಯ ಮಂಚ ಬಿಟ್ಟು, ವಡಾಲದಲ್ಲಿ, ದುಡಿಯಲು ಬಂದ ಊರ ಕಡೆಯವರು ಕಟ್ಟಿಕೊಂಡಿದ್ದ ಮಂಡಳಿಯ ಕೋಣೆಯಲ್ಲಿ ಚಾಪೆ ಹಿಡಿದ. ಇನ್ನೊಮ್ಮೆ ಕುಡಿದರೆ ಈತ ದೀಪಾವಳಿ ಕಾಣುವುದಿಲ್ಲ ಎಂದು ಡಾಕ್ಟರು ಮುಖದ ಮೇಲೆ ಹೇಳಿದ್ದರು.

ಉಸ್ತುವಾರಿ ಯಾರದೆಂದು ತಿಳಿದಾಗ ನೀಲಾಬಾಯಿಗೆ ಮೈಯೆಲ್ಲ ಉರಿಯಿತು. ಸಾಯಬಣ್ಣನದಂತೆ. ದಾರೂಬಂದಿ, ಅಂದರೆ ಪಾನನಿಷೇಧ, ಬಿಗಿಯಾಗಿದ್ದಾಗ ಕೂಲಿಯವರ ವಠಾರಗಳಲ್ಲಿ ಚಾಳಿನಿಂದ ಚಾಳಿಗೆ ತಿರುಗಿ ಕಳ್ಳಭಟ್ಟಿ ಮಾರಿದ ಭೂಪ. ಖಂಡಪ್ಪನಿಗೆ ಮೊದಲ ಗ್ಲಾಸು ಕುಡಿಸಿದವನೂ ಇವನೇ ಇರಬೇಕು. ಈಗ ಎಲ್ಲ ಬಿಟ್ಟು, ಹಣೆತುಂಬ ವಿಭೂತಿ ಬಳಿದುಕೊಂಡು ಸೇವೆಗೆ ನಿಂತಿದ್ದಾನಂತೆ. ನಂಬಲು ಅವಳೇನು ಕಿವಿಯ ಮೇಲೆ ಹೂ ಇಟ್ಟುಕೊಂಡಿರಲಿಲ್ಲ.

ಪವಾಯಿಯ ಕಟ್ಟಡದ ಕೆಲಸದಿಂದ ಬಂದು, ಅತ್ತೆ ಗುರುಬಾಯಿ ಕಟ್ಟಿಟ್ಟ ಡಬ್ಬಿ ಹಿಡಿದು ಅವಳು ದಿನವೂ ಮಂಡಳಿಗೆ ಹೋಗುತ್ತಿದ್ದಳು. ಹೋದವಳು ಮೂಲೆಮೂಲೆ ನೋಡುತ್ತಿದ್ದಳು, ಸಾಯಬಣ್ಣನ ಚೀಲದ ಮೇಲೂ ಕಣ್ಣಿಡುತ್ತಿದ್ದಳು. ಒಂದು ಸಂಜೆ ಖಂಡಪ್ಪನ ಕಣ್ಣುಗಳು ಕೆಂಪಗಿದ್ದವು, ಬಾಯಿ ನಾರುತ್ತಿತ್ತು.

ಅವಳು ಸೀದಾ ಸಾಯಬಣ್ಣನ ಮುಂದೆ ನಿಂತಳು. "ಹಳೇ ಧಂದಾ ಇಲ್ಲೇ ಚಾಲೂ ಮಾಡಿಯೇನು? ನನ್ನ ಗಂಡ ಕುಡದಾನ."

ಸಾಯಬಣ್ಣ ಸಿಟ್ಟಾಗಲಿಲ್ಲ. ಅದರಿಂದ ಅವಳ ಸಂಶಯ ಇನ್ನೂ ಹೆಚ್ಚಿತು.

"ನಾನೂ ಅದನ್ನ ಹುಡುಕಾಕತ್ತೀನಿ, ತಂಗಿ. ಎಲ್ಲಾರ ಹಾಸಿಗಿ ಝಾಡಿಸಿ ನೋಡೀನಿ. ನಿನ್ನ ಡಬ್ಬಿ ಒಂದು ಉಳದೈತಿ."

"ನೋಡು ಹಂಗಾದ್ರ," ಎಂದು ಅವಳು ಡಬ್ಬಿಯನ್ನು ಅವನ ಮುಂದೆ ಕುಕ್ಕಿದಳು. ಮೇಲೆ ರೊಟ್ಟಿ, ನಡುವೆ ಪಲ್ಯ, ಕೆಳಗೆ ಬೆಳ್ಳುಳ್ಳಿ ಒಗ್ಗರಣೆಯ ಮಜ್ಜಿಗೆ. ಸಾಯಬಣ್ಣ ಮಜ್ಜಿಗೆಯನ್ನು ಮೂಸಿ, ಅವಳ ಕಡೆ ಸರಿಸಿದ. ಬೆಳ್ಳುಳ್ಳಿಯ ಘಾಟಿನ ಅಡಿಯಲ್ಲಿ, ಮದುವೆಯಾದಾಗಿನಿಂದ ದಿಂಬಿನ ಮೇಲೆ ಮೂಸಿದ ಅದೇ ವಾಸನೆ ಅವಳ ಮೂಗಿಗೆ ಬಡಿಯಿತು.

ಮನೆಯಲ್ಲಿ ಗುರುಬಾಯಿ ಸುಳ್ಳು ಹೇಳಲಿಲ್ಲ. "ಅವನ ಕೈ ಥರಾಥರಾ ನಡಗತಾವ. ಹೆತ್ತಾಕಿ ನಾ, ನೋಡಾಕ ಆಗಲಿಲ್ಲ. ದವಾಖಾನ್ಯಾಗ ವಾಚಮನ್ ಡಬ್ಬಿ ತಗಸಿ ನೋಡತಿದ್ದ. ಇಲ್ಲಿ ಎಲ್ಲಾ ನಮ್ಮ ಮಂದಿ, ಯಾರು ಕೇಳ್ತಾರ?"

"ಅವನ್ನ ಕೊಲ್ಲಾಕತ್ತಿದ್ರಿ ಅತ್ತಿ. ಅದೂ ನನ್ನ ಕೈಲೆ."

ಸಿಟ್ಟಿನಲ್ಲಿ ನೀಲಾಬಾಯಿಗೆ ಅಳು ಬಂತು. ಆ ಮುದುಕಿಯ ಮೇಲೆ ಕರುಣೆಯೂ ಬಂತು, ಅದಕ್ಕಾಗಿ ತನ್ನ ಮೇಲೆಯೇ ಇನ್ನಷ್ಟು ಸಿಟ್ಟು ಬಂತು.

ಮರುದಿನ ತಾನೇ ಅಡುಗೆ ಮಾಡಿಕೊಂಡು ಹೋದಳು. ಸಾಯಬಣ್ಣ ಬಾಗಿಲಲ್ಲೇ ತಡೆದ.

"ಡಬ್ಬಿ ತಗಿ, ತಂಗಿ. ಮೊದಲು ನೀ ಮಜ್ಜಿಗಿ ಒಂದು ಗುಟುಕು ಕುಡಿ."

ಒಳಗಿನ ಗಂಡಸರೆಲ್ಲ ನೋಡುತ್ತಿದ್ದರು. ಅವಳಿಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಅವನ ಹತ್ತಿರ ಸರಿದಳು.

"ಈಗ ನೀ ಬಾಯಿ ತಗಿ, ಅಣ್ಣಾ. ನಾ ಮೂಸತೀನಿ."

ಸಾಯಬಣ್ಣ ಬಗ್ಗಿ ಬಾಯಿ ತೆರೆದ.