ಸತುವಿನ ಬಣ್ಣ

"ಕೆಂಪೇ ಇರಲಿ," ಎಂದಳು ಸುಜಾತಾ. "ಸ್ಕೂಟರು ಕೆಂಪು. ಇದಕ್ಕೊಂದು ಬೇರೆ ಬಣ್ಣ ಆದರೆ ತೇಪೆ ಹಾಕಿದ ಹಾಗೆ ಕಾಣ್ತದೆ."

ಗಂಡ ರತ್ನಾಕರ ಬೇರೆ ಕಡೆ ನೋಡಿದ. ಘಾಜಿಯಾಬಾದಿನ ಆ ವರ್ಕ್‌ಶಾಪಿನ ಬೆಂಚಿನ ಮೇಲೆ ಈಗಷ್ಟೇ ಬೆಸುಗೆ ಮುಗಿದ ಕಬ್ಬಿಣದ ಚೌಕಟ್ಟು ಬರಿಮೈಯಲ್ಲಿ ಬಿದ್ದಿತ್ತು. ಎರಡನೇ ವಯಸ್ಸಿಗೆ ಬಂದ ಪೋಲಿಯೊ ಸುಜಾತಾಳ ಎಡಗಾಲನ್ನು ಸೊರಗಿಸಿತ್ತು. ಸ್ಕೂಟರಿನ ಹಿಂದಿನ ಚಕ್ರದ ಎರಡೂ ಬದಿಗೆ ಒಂದೊಂದು ಸಣ್ಣ ಚಕ್ರವನ್ನು ಹಿಡಿದು ನಿಲ್ಲಿಸುವ ಇಂಥದೇ ಒಂದು ಚೌಕಟ್ಟನ್ನು ನಂಬಿಕೊಂಡು ಅವಳು ಹದಿನೈದು ವರ್ಷ ದೆಹಲಿಯ ಲಕ್ಷ್ಮೀ ನಗರದ ಗಲ್ಲಿಗಳನ್ನು ದಾಟಿ ಬ್ಯಾಂಕಿಗೆ ಹೋಗಿ ಬಂದಿದ್ದಳು. ಈಗ ಮ್ಯಾನೇಜರಾಗಿ ಬಡ್ತಿ ಸಿಕ್ಕಿ ಮಲ್ಪೆ ಶಾಖೆಗೆ ವರ್ಗವಾಗಿತ್ತು. ಮೂರು ವರ್ಷ. ರತ್ನಾಕರನ ಹೋಟೆಲು ಇಲ್ಲಿ. ಅದನ್ನು ಬಿಟ್ಟು ಅವನು ಹೊರಡುವ ಹಾಗಿರಲಿಲ್ಲ.

ಹೋದ ಮಳೆಗಾಲದಲ್ಲಿ ಅದೇ ಶಾಖೆಗೆ ಆರು ತಿಂಗಳು ಡೆಪ್ಯುಟೇಶನ್ ಮೇಲೆ ಹೋಗಿದ್ದಾಗ, ಬಂದರಿನ ತಿರುವಿನಲ್ಲಿ ಹಳೆಯ ಚೌಕಟ್ಟು ಲಟಕ್ಕೆಂದು ಮುರಿದು ಅವಳು ಬಿದ್ದಿದ್ದಳು. ಬಲಗೈ ಮಣಿಕಟ್ಟಿಗೆ ಎರಡು ತಿಂಗಳು ಪ್ಲಾಸ್ಟರು.

ಮುರಿದ ಆ ತುಂಡನ್ನು ವರ್ಕ್‌ಶಾಪಿನ ಮುಷ್ತಾಕ್ ಭಾಯಿ ಉದ್ದಕ್ಕೆ ಸೀಳಿ ಅವಳ ಮುಂದಿಟ್ಟ. ಹೊರಗೆ ಕೆಂಪು ಇನ್ನೂ ಫಳಫಳ ಹೊಳೆಯುತ್ತಿತ್ತು. ಒಳಗಿನ ತುಕ್ಕು ಬೆರಳು ತಾಗಿದರೆ ಸಾಕು, ಹಪ್ಪಳದಂತೆ ಉದುರುತ್ತಿತ್ತು.

"ನೋಡಿ ಭಾಭೀಜಿ, ಈ ಕೆಂಪು ಪೌಡರ್ ಕೋಟಿಂಗ್ ಹೊರಮೈಗೆ ಅಷ್ಟೇ. ಸಮುದ್ರದ ಗಾಳಿ ಪೈಪಿನ ಒಳಗೆ ಹೋಗುತ್ತೆ. ಕಾದು ಕರಗಿದ ಸತುವಿನಲ್ಲಿ ಮುಳುಗಿಸಿದರೆ ಒಳಗೂ ಹೊರಗೂ ಹಿಡಿಯುತ್ತೆ. ಗೀರು ಬಿದ್ದರೂ ಮೊದಲು ಸತುವೇ ಸವೆಯುತ್ತೆ, ಕಬ್ಬಿಣ ಉಳಿಯುತ್ತೆ. ಬಣ್ಣ ಮಾತ್ರ ಬೂದಿ."

"ಹೋದ ಸಲ ಮಲ್ಪೆಗೆ ಹೊರಟಾಗ ಇದನ್ನು ಯಾಕೆ ಹೇಳಲಿಲ್ಲ, ಭಯ್ಯಾ?"

ಮುಷ್ತಾಕ್ ರತ್ನಾಕರನ ಕಡೆ ನೋಡಿ, ಏನೋ ನೆನಪಾದವನ ಹಾಗೆ ಒಳಗೆ ನಡೆದ.

"ಹೇಳಿದ್ದ," ಎಂದ ರತ್ನಾಕರ. ದಿನಕ್ಕೆ ಮುನ್ನೂರು ಗಿರಾಕಿಗಳನ್ನು ಗಟ್ಟಿ ದನಿಯಲ್ಲಿ ಮಾತಾಡಿಸುವವನು ಈಗ ನೆಲ ನೋಡುತ್ತ ತಗ್ಗಿದ ದನಿಯಲ್ಲಿ ಹೇಳಿದ. "ಹೊಸತು ಮಾಡಿಸಿ ಸತು ಹಿಡಿಸು ಅಂದಿದ್ದ. ನಾನೇ ಬೇಡ ಅಂದೆ. ಬೂದಿ ಬಣ್ಣ ಆಸ್ಪತ್ರೆಯ ಊರುಗೋಲಿನ ಹಾಗೆ ಕಾಣ್ತದೆ ಅನ್ನಿಸಿತು. ಹೊಸ ಊರಲ್ಲಿ ಜನ ನಿನ್ನನ್ನು ಅಯ್ಯೋ ಪಾಪ ಅಂತ ನೋಡಬಾರದು ಅಂತ ಹಳೇದಕ್ಕೇ ಕೆಂಪು ಹಾಕಿಸಿದೆ. ನಿನ್ನ ಕೈ ಮುರಿದದ್ದು ನನ್ನಿಂದ, ಸುಜಾತಾ."

ಒಳಗೆ ಗ್ರೈಂಡರು ಕಿರುಚಿ ನಿಂತಿತು. ಅವಳು ಆ ಸೀಳಿದ ತುಂಡನ್ನು ಎತ್ತಿ ತಿರುಗಿಸಿ ನೋಡಿದಳು.

"ನಾನು ಈಗ ಕೆಂಪು ಕೇಳಿದ್ದು ಎಂತಕ್ಕೆ ಗೊತ್ತುಂಟಾ?" ಎಂದಳು. "ಅದು ನಿಮಗೆ ಇಷ್ಟ ಅಂತ. ನನಗೆ ಕೆಂಪು ಎಂದೂ ಅಷ್ಟು ಹಿಡಿಸಿದ್ದೇ ಇಲ್ಲ, ಮಾರಾಯ್ರೇ."

ರತ್ನಾಕರ ತಲೆಯೆತ್ತಿದ. ಅವಳು ನಗುತ್ತಿದ್ದಳು, ಕಣ್ಣು ಮಾತ್ರ ತುಂಬಿತ್ತು.

"ಜನ ನೋಡಲಿ. ನೋಡಿ ನೋಡಿ ಸುಸ್ತಾಗಿ ಸಾಲ ಕೇಳ್ಲಿಕ್ಕೆ ನನ್ನ ಟೇಬಲಿಗೇ ಬರ್ತಾರೆ." ಒಳಗೆ ಕೂಗಿ ಹೇಳಿದಳು, "ಭಯ್ಯಾ, ಸತುವೇ ಆಗಲಿ!"

"ಬೇಕಾದರೆ ಅದರ ಮೇಲೆ ಕೆಂಪು ಕೊಡಬಹುದು, ಭಾಭೀಜಿ."

ಅವಳು ಗಂಡನ ಮುಖ ನೋಡಿದಳು. "ಬೇಡ," ಎಂದ ರತ್ನಾಕರ. "ಹಾಗೇ ಇರಲಿ."

ಐದನೇ ದಿನ ಬೆಳಿಗ್ಗೆ ಚೌಕಟ್ಟು ಸ್ಕೂಟರಿಗೆ ಸೇರಿತು. ಮುಷ್ತಾಕ್ ಅದರ ಮೇಲೆ ಹತ್ತಿ ನಿಂತು ಜಗ್ಗಿ ನೋಡಿದ, ಮಿಸುಕಲಿಲ್ಲ. ಸುಜಾತಾ ಅಂಗಳದಲ್ಲಿ ಎರಡು ಸುತ್ತು ಹೊಡೆದು ಬಂದು ರತ್ನಾಕರನ ಎದುರು ನಿಲ್ಲಿಸಿದಳು.

"ಹತ್ತಿ. ಹೋಟೆಲಿನ ತನಕ ಬಿಡ್ತೇನೆ."

ಅವನು ಹಿಂದೆ ಕುಳಿತ. ಹಿಂಡನ್ ನದಿಯ ಸೇತುವೆಯ ಮೇಲೆ ಲಾರಿಗಳ ನಡುವೆ ಅವಳು ವೇಗ ಹೆಚ್ಚಿಸಿದಳು. ದುಪಟ್ಟಾದ ತುದಿ ಗಾಳಿಗೆ ಹಾರಿ ಹಾರಿ ಅವನ ಮುಖದ ಮೇಲೆ ಬೀಳುತ್ತಿತ್ತು. ಅವನು ಸರಿಸಲಿಲ್ಲ.