ಮಂಡಿಯಣ್ಣ ಎದ್ದುನಿಂತ ಭಾನುವಾರ

ಬೇಕರಿಯವನಿಗೆ ಚರ್ಚಿನವರು ಇಟ್ಟ ಹೆಸರು ಮಂಡಿಯಣ್ಣ. ಪಾದ್ರಿಗಳು "ಪ್ರಾರ್ಥಿಸೋಣ" ಅಂದದ್ದೇ ತಡ, ಆಸಾಮಿ ಮೊಣಕಾಲೂರಿ, ಮುಂದಿನ ಬೆಂಚಿನ ಮೇಲೆ ಕೈಯಿಟ್ಟು, ಕೈಮೇಲೆ ಹಣೆಯಿಟ್ಟರೆ ಮುಗೀತು. ಉಳಿದವರು ಎದ್ದು ಹಾಡಲಿ, ಕೂತು ಪ್ರಸಂಗ ಕೇಳಲಿ, ಇವನು ಜಪ್ಪಯ್ಯ ಅಂದರೂ ಅಲುಗಾಡುತ್ತಿರಲಿಲ್ಲ. "ಭಕ್ತಿ ಅಂದ್ರೆ ಅದಪ್ಪಾ!" ಅಂತ ಅಜ್ಜಂದಿರು ಮೊಮ್ಮಕ್ಕಳಿಗೆ ತೋರಿಸುತ್ತಿದ್ದರು.

ಭಕ್ತಿಯಂತೆ ಭಕ್ತಿ! ರಾತ್ರಿಯಿಡೀ ಹಿಟ್ಟು ನಾದಿ, ಬ್ರೆಡ್ಡು ಬೇಯಿಸಿ, ಮೈಗೆಲ್ಲ ಮೆತ್ತಿದ ಹಿಟ್ಟು ತೊಳೆದುಕೊಂಡು ನೇರ ಚರ್ಚಿಗೆ ಬರುತ್ತಿದ್ದವನು ಅಲ್ಲಿ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದ. ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಗೊರಕೆ ಶುರುವಾಗುತ್ತಿದ್ದಂತೆ ಪಕ್ಕೆಗೆ ತಿವಿಯುವುದು ಅವಳು ಪ್ರತಿ ವಾರ ಸಲ್ಲಿಸುತ್ತಿದ್ದ ಸೇವೆ.

ಒಂದು ಶನಿವಾರ ಅದೇ ಚರ್ಚಿನ ಟೈಲರಕ್ಕ ಬೇಕರಿಗೆ ಬಂದಳು. ಮುಖ ಬಾಡಿಹೋಗಿತ್ತು. ಗಂಡನಿಗೆ ಸೋಮವಾರ ಹೃದಯದ ಆಪರೇಷನ್ನು. ವಾರದಿಂದ ಆಸ್ಪತ್ರೆಯ ಕುರ್ಚಿಯೇ ಅವಳ ಮನೆ, ಕಣ್ಣಿನ ಹತ್ತಿರ ನಿದ್ದೆ ಸುಳಿದಿರಲಿಲ್ಲ.

"ಅಣ್ಣಾ, ನನ್ನ ಬಾಯಿಂದ ಪ್ರಾರ್ಥನೆನೇ ಹೊರಡ್ತಿಲ್ಲ. ನಾಳೆ ನನ್ನ ಬದಲು ನೀವು ಮಾಡ್ತೀರಾ? ನಿಮ್ಮ ಹಾಗೆ ಮಂಡಿಯೂರೋರು ಇನ್ಯಾರಿದ್ದಾರೆ ಹೇಳಿ?"

"ಖಂಡಿತ ಅಕ್ಕ" ಅಂದುಬಿಟ್ಟ. ಅವಳು ಅತ್ತ ಹೋದ ಮೇಲೇ ಒಪ್ಪಿಕೊಂಡದ್ದು ಏನೆಂದು ತಲೆಗೆ ಹೊಳೆದದ್ದು. ಒಂದು ಜೀವದ ಪ್ರಶ್ನೆ! ನಿದ್ದೆ ಬಂದುಬಿಟ್ಟರೆ?

"ಏನು ಮಾಡ್ಲೇ?" ಅಂತ ಹೆಂಡತಿಯನ್ನು ಕೇಳಿದ.

"ಮಂಡಿಯೂರಿದ್ರೆ ತಾನೇ ನಿದ್ದೆ? ನಿಂತ್ಕೊಂಡಿರಿ" ಅಂದಳು ಆ ಮಹಾತಾಯಿ.

ಮರುದಿನ ಎಲ್ಲರೂ ಮೊಣಕಾಲೂರಿದಾಗ ಇವನೊಬ್ಬ ದೀಪದ ಕಂಬದ ಹಾಗೆ ನಿಂತ. ಹಿಂದೆ ಗುಸುಗುಸು. "ಇವನಿಗೇನು ಬಂತು ಕೊಬ್ಬು?" ಕಿವಿ ಸುಟ್ಟರೂ ಕದಲಲಿಲ್ಲ. ರೆಪ್ಪೆ ಎಳೆದಾಗೆಲ್ಲ ತೊಡೆ ಚಿವುಟಿಕೊಂಡ. ಚೆಂದದ ಮಾತು ಅವನಿಗೆಲ್ಲಿ ಬರಬೇಕು? "ಆ ಮನುಷ್ಯನ್ನ ಉಳಿಸಪ್ಪಾ, ಅಕ್ಕನ್ನ ಕೈಬಿಡಬೇಡಪ್ಪಾ" ಅಂತ ಅದನ್ನೇ ಹೇಳಿದ, ಮತ್ತೆ ಅದನ್ನೇ ಹೇಳಿದ.

ಅಷ್ಟರಲ್ಲಿ ಟೈಲರಕ್ಕನೇ ಬಂದಳು, ತಂಗಿಯನ್ನು ಗಂಡನ ಬಳಿ ಕೂರಿಸಿ. ನಿಂತಿದ್ದವನನ್ನು ಕಂಡು ಅವಳ ಕಣ್ಣು ತುಂಬಿಬಂತು.

"ಏನಣ್ಣಾ, ನನಗೋಸ್ಕರ ಒಂದು ದಿನ ಮಂಡಿಯೂರಕ್ಕೆ ಆಗಲಿಲ್ವಾ?"

ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪಿಸುಗುಟ್ಟಿದ: "ಅಕ್ಕಾ, ಮಂಡಿಯೂರಿದ್ರೆ ಮಲಗಿಬಿಡ್ತೀನಿ. ಇಷ್ಟು ವರ್ಷ ಮಾಡಿದ್ದು ಬರೀ ನಿದ್ದೆ. ಪ್ರಾರ್ಥನೆ ಅಂತ ಮಾಡ್ತಿರೋದು ಇವತ್ತೇ."

ಅವಳು ಮಿಕಿಮಿಕಿ ನೋಡಿದಳು. ಆಮೇಲೆ ಕಿಸಕ್ಕನೆ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದರೂ ನಿಲ್ಲಲಿಲ್ಲ. ಕಣ್ಣೊರೆಸಿಕೊಂಡು ಕೇಳಿದಳು:

"ಇಲ್ಲಿ ನಿಜವಾಗ್ಲೂ ನಿದ್ದೆ ಬರುತ್ತಾ?"

"ತಲೆ ಇಟ್ರೆ ಸಾಕು."

"ಹಾಗಾದ್ರೆ ಸ್ವಲ್ಪ ಸರ್ಕೊಳ್ಳಿ."

ಅವನ ಜಾಗದಲ್ಲಿ ಮೊಣಕಾಲೂರಿ ಕೈಮೇಲೆ ಹಣೆಯಿಟ್ಟಳು. ಹಾಡಿನ ಒಂದು ಚರಣ ಮುಗಿಯುವಷ್ಟರಲ್ಲಿ ಅವಳ ಉಸಿರು ನಿಧಾನವಾಯಿತು.

ಆರಾಧನೆ ಮುಗಿದು ಜನ ಎದ್ದರು. ಹಿರಿಯರೊಬ್ಬರು ಅವಳನ್ನು ಸಮಾಧಾನ ಮಾಡಲು ಭುಜ ಮುಟ್ಟಹೋದರು. ಬೇಕರಿಯವನು ಕೈ ಅಡ್ಡ ಹಾಕಿದ.

"ಬೇಡಿ, ಅಕ್ಕ ಪ್ರಾರ್ಥನೆ ಮಾಡ್ತಿದ್ದಾರೆ."

ಅವರು ತಲೆಬಾಗಿ, ಸದ್ದಾಗದಂತೆ ಹೊರಗೆ ಹೋದರು. ಚರ್ಚು ಖಾಲಿಯಾಯಿತು. ಅವನು ಅವಳ ಪಕ್ಕದಲ್ಲಿ ನಿಂತೇ ಇದ್ದ. ಅವಳ ಬದಲು ಅವನು ಮಾಡುತ್ತಿದ್ದ ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ.