ಅಪ್ಪ ಬದಲಿಸಿದ ಸಸಿ

“ನಿಮ್ಮ ಲಾಂಡ್ರಿ ನೀರಿಗೇ ಮೊದಲ ಬಹುಮಾನ ಬಂತು ನೋಡಿ! ಇನ್ಮೇಲೆ ಅದನ್ನ ಮೋರಿಗೆ ಬಿಡ್ಬೇಡಿ. ನಾಳೆಯಿಂದ ನಮ್ಮ ಶಾಲೆ ತೋಟಕ್ಕೇ ಕೊಡಿ.”

ವಿಜ್ಞಾನದ ಟೀಚರು ಒಗೆಯಲು ತಂದ ಬಟ್ಟೆಯ ಚೀಲವನ್ನು ಮೇಜಿನ ಮೇಲಿಡುತ್ತಾ ಹೀಗೆಂದರು. ಲಾಂಡ್ರಿಯವನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಯಾರದೋ ಬಿಳಿ ಅಂಗಿಯ ಕಾಲರಿನ ಮೇಲೆ ಅಲ್ಲೇ ನಿಂತುಬಿಟ್ಟಿತು.

“ಅಣ್ಣಾ, ಹೊಗೆ ಬರ್ತಿದೆ!”

ಅವನು ಸರಕ್ಕನೆ ಪೆಟ್ಟಿಗೆ ಎತ್ತಿದ. ಕಾಲರಿನ ಮೇಲೆ ಕಂದು ಕಲೆ ಕೂತಾಗಿತ್ತು.

“ಮಗಳು ಗೆದ್ದ ಖುಷಿ, ಅಲ್ವಾ?” ಎಂದು ಟೀಚರು ನಕ್ಕರು.

ಖುಷಿಯಂತೆ!

ಆಗಿದ್ದು ಇಷ್ಟು. ಅವನ ಮಗಳು ಆರನೇ ತರಗತಿ. ಬಾಯಿ ತೆರೆದರೆ ಯಾಕೆ, ಹೇಗೆ, ಏನು. ಅಂಗಡಿಗೆ ಬರುವವರೆಲ್ಲ ಅವಳಿಗೆ ‘ಪ್ರಶ್ನೆಪತ್ರಿಕೆ’ ಎಂದು ಹೆಸರಿಟ್ಟಿದ್ದರು. ಮಕ್ಕಳೆಲ್ಲ ಮನೆಯಲ್ಲಿ ಒಂದು ಪ್ರಯೋಗ ಮಾಡಿ ತರಬೇಕೆಂದು ಟೀಚರು ಹೇಳಿದಾಗ ಅವಳು ಎರಡು ಕುಂಡಗಳಲ್ಲಿ ಟೊಮೇಟೊ ಸಸಿ ನೆಟ್ಟಳು. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಅಪ್ಪನ ಲಾಂಡ್ರಿಯಲ್ಲಿ ಬಟ್ಟೆ ಒಗೆದುಳಿದ ನೀರು. ಆ ನೀರು ಗಿಡಕ್ಕೆ ಆಗುತ್ತದೋ ಇಲ್ಲವೋ ಎಂಬುದು ಅವಳ ಪ್ರಶ್ನೆ.

ಆಗಲಿಲ್ಲ. ಸೋಪು, ಸೋಡಾ, ಬಿಳುಪಿನ ಪುಡಿ ಎಲ್ಲ ಕರಗಿದ ನೀರು ಕುಡಿದ ಸಸಿ ಎಲೆಯಂಚು ಸುಟ್ಟುಕೊಂಡು ತಲೆ ಬಾಗಿಸಿತು. ಶನಿವಾರ ಸಂಜೆ ಅದು ಅಪ್ಪನ ಕಣ್ಣಿಗೆ ಬಿತ್ತು. ಎಲ್ಲರ ಮುಂದೆ ಮಗಳು ಸತ್ತ ಗಿಡ ಹಿಡಿದುಕೊಂಡು ನಿಲ್ಲಬೇಕೇ? ಲಾಂಡ್ರಿಯವನ ನೀರು ಗಿಡ ಕೊಲ್ಲುತ್ತದೆ ಎಂದು ಶಾಲೆ ತುಂಬ ಸಾರಬೇಕೇ? ಭಾನುವಾರ ಮಗಳು ಅತ್ತೆಯ ಮನೆಗೆ ಹೋಗಿದ್ದಾಗ ಅವನು ಸಸಿ ಮಾರುವವನ ಹತ್ತಿರ ಅಷ್ಟೇ ಎತ್ತರದ, ಹಚ್ಚಹಸಿರು ಸಸಿ ತಂದು ಅದೇ ಕುಂಡದಲ್ಲಿ ನೆಟ್ಟು, ಕೈ ತೊಳೆದುಕೊಂಡ. ಮಗಳಿಗೆ ಒಳ್ಳೆಯದನ್ನೇ ಮಾಡಿದೆನೆಂದು ಅವನ ನಂಬಿಕೆ.

ಈಗ ಟೀಚರು ಹೇಳುತ್ತಿದ್ದರು: “ಶಾಲೆ ನಲ್ಲೀಲಿ ನೀರು ಸಾಲ್ತಿಲ್ಲ ಅಣ್ಣ. ಮಕ್ಕಳು ತಾವೇ ಪಾತಿ ಮಾಡಿ ಬೆಳೆಸಿದ ಗಿಡ. ಇನ್ನೇನು ಹೂ ಬಿಡೋ ಹೊತ್ತು, ಬಾಡೋಕೆ ಶುರುವಾಗಿದೆ. ದೇವರ ಹಾಗೆ ಬಂದ್ರಿ ನೀವು.”

“ಆಗ್ಲಿ ಮೇಡಂ,” ಎಂದಿತು ಅವನ ನಾಲಿಗೆ. ಬೇರೇನೂ ಅದಕ್ಕೆ ತೋಚಲಿಲ್ಲ.

ಟೀಚರು ಹೋದ ಮೇಲೆ ಒಳಗೆ ಬಟ್ಟೆ ಮಡಿಸುತ್ತಿದ್ದ ಹೆಂಡತಿಗೆ ಎಲ್ಲವನ್ನೂ ಹೇಳಿಕೊಂಡ. ಅವಳು ತಲೆಯನ್ನೂ ಎತ್ತಲಿಲ್ಲ.

“ಅದಕ್ಯಾಕೆ ಇಷ್ಟು ಬೆವರ್ತೀರಿ? ಎಲ್ಲಾ ಅಪ್ಪಂದಿರೂ ಮಾಡೋದೇ. ಬೇಕರಿಯವ್ರ ಮಗ ಅಷ್ಟುದ್ದದ ಗಾಳಿಯಂತ್ರ ತಂದಿದ್ನಲ್ಲ, ಅವನೇ ಮಾಡಿದ್ದಾ? ಅದಕ್ಕೆ ಮೊಳೆ ಹೊಡೀವಾಗ ಅವರಪ್ಪ ಹೆಬ್ಬೆರಳು ಜಜ್ಜಿಕೊಂಡಿದ್ದು ಬೀದಿಗೆಲ್ಲ ಗೊತ್ತು.”

“ಅದು ಸರಿ, ನೀರು? ನಾಳೆ ತೋಟಕ್ಕೆ ನೀರು ಕೊಡ್ಬೇಕಲ್ಲೇ!”

“ಒಳ್ಳೆ ನೀರೇ ಕೊಡಿ. ಲಾಂಡ್ರಿ ನೀರು ಅಂತ ಹೇಳಿ. ಯಾರು ನೆಕ್ಕಿ ನೋಡ್ತಾರೆ?”

“ದಿನಾನಾ?”

“ದಿನಾ. ಸಸಿ ಬದಲಾಯಿಸೋವಾಗ ಇದ್ದ ಬುದ್ಧಿ ಈಗೆಲ್ಲಿ ಹೋಯ್ತು?”

ಅವನು ಒಪ್ಪಿಯೇಬಿಟ್ಟಿದ್ದ. ಅಷ್ಟರಲ್ಲಿ ಮಗಳು ಬಂದಳು. ಕೈಯಲ್ಲಿ ಬಹುಮಾನದ ಪುಸ್ತಕವಿತ್ತು, ಮುಖ ಮಾತ್ರ ಪೆಚ್ಚಾಗಿತ್ತು. ಚೀಲ ಕೆಳಗಿಡದೆಯೇ ಕೇಳಿದಳು:

“ಅಮ್ಮಾ, ನನಗೆ ಕನ್ನಡಕ ಬೇಕಾ?”

“ಯಾಕೇ? ಬೋರ್ಡು ಕಾಣ್ಸಲ್ವಾ?”

“ಬೋರ್ಡು ಕಾಣ್ಸುತ್ತೆ. ಆದ್ರೆ ಶನಿವಾರ ಆ ಸಸಿ ಬಾಡಿತ್ತು ಅಂತ ನನ್ನ ಕಣ್ಣಿಗೆ ಕಂಡಿತ್ತು. ಎಲೆ ತುದಿ ಸುಟ್ಟ ಹಾಗಿತ್ತು. ಸೋಮವಾರ ನೋಡಿದ್ರೆ ಏನೂ ಆಗೇ ಇಲ್ಲ. ಬಾಡಿದ್ದು ಹಾಗೆಲ್ಲ ಎದ್ದು ಕೂರಲ್ಲ ಅಂದ್ರು ಟೀಚರ್. ನಾನೇ ತಪ್ಪು ನೋಡಿದ್ದೀನಿ ಅಂತ ಕ್ಲಾಸಲ್ಲಿ ಎಲ್ಲರ ಮುಂದೆ ಒಪ್ಕೊಂಡೆ. ನನ್ನ ಕಣ್ಣೇ ಸರಿ ಇಲ್ಲಮ್ಮ.”

ಹೆಂಡತಿಯ ಕೈಯಲ್ಲಿ ಅರ್ಧ ಮಡಿಸಿದ್ದ ಸೀರೆ ಹಾಗೇ ಜಾರಿತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅವನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಮಗಳು ಇದ್ದದ್ದನ್ನು ಇದ್ದ ಹಾಗೇ ನೋಡಿದ್ದಳು. ಆ ಕಣ್ಣಿನ ಮೇಲೆ ಅವಳಿಗಿದ್ದ ನಂಬಿಕೆಯನ್ನೇ ತಾನು ಕಿತ್ತುಕೊಂಡಿದ್ದ. ಅವಳು ಮುಂದೆ ಡಾಕ್ಟರಾಗಲಿ, ದರ್ಜಿಯಾಗಲಿ, ಕಣ್ಣ ಮುಂದಿನದನ್ನು ಕಂಡೂ ‘ಇಲ್ಲ, ನಂದೇ ತಪ್ಪು’ ಎನ್ನುವವಳಾದರೆ?

“ನಿನ್ನ ಕಣ್ಣು ಸರಿಯಾಗೇ ಇದೆ ಕಣಮ್ಮ,” ಎಂದ. “ಸಸಿ ಬಾಡಿತ್ತು. ನಾನೇ ಕಿತ್ತು ಬೇರೆ ನೆಟ್ಟೆ.”

ಮಗಳು ಕೂಗಾಡುತ್ತಾಳೆ ಎಂದುಕೊಂಡಿದ್ದ. ಅವಳು ಚೀಲ ಕೆಳಗಿಟ್ಟು, ಮೆಲ್ಲಗೆ ಕೇಳಿದಳು: “ನನ್ನ ಸಸಿ ಸೋತ್ರೆ ನಿಂಗೆ ನಾಚಿಕೆ ಆಗ್ತಿತ್ತಾ ಅಪ್ಪಾ?”

ಆ ಸಂಜೆ ಮನೆಯಲ್ಲಿ ಪಾತ್ರೆಗಳು ಮಾತ್ರ ಸದ್ದು ಮಾಡಿದವು.

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಅವನು ಶಾಲೆಗೆ ಹೋದ. ತರಗತಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬರಲೂ ಆಗದೆ, ತಿರುಗಿ ಹೋಗಲೂ ಆಗದೆ ನಿಂತ. “ನೀರು ತಂದ್ರಾ ಅಣ್ಣ?” ಎಂದು ಟೀಚರು ಕೇಳಿದರು.

“ಇಲ್ಲ ಮೇಡಂ. ಆ ನೀರು ತೋಟಕ್ಕೆ ಹಾಕ್ಬೇಡಿ. ಗಿಡ ಸಾಯ್ತವೆ.” ಕಣ್ಣು ನೆಲದ ಮೇಲೆ ನೆಟ್ಟು ನಡೆದದ್ದನ್ನೆಲ್ಲ ಹೇಳಿದ. “ಮಗೂಗೆ ಏನೂ ಗೊತ್ತಿರ್ಲಿಲ್ಲ. ಬೈಯೋದಾದ್ರೆ ನನಗೆ ಬೈಯಿರಿ.”

ಹಿಂದಿನ ಬೆಂಚಿನಿಂದ ಕಿಸಕ್ ಎಂಬ ನಗು. ಅವನ ಕಿವಿ ಬಿಸಿಯಾಯಿತು. ಮಗಳು ತಲೆ ತಗ್ಗಿಸಿದ್ದಳು. ಆಗ ಕಿಟಕಿಯ ಪಕ್ಕದ ಒಬ್ಬಳು ಹುಡುಗಿ ಎದ್ದು ನಿಂತಳು.

“ಟೀಚರ್, ನಂದೂ ಒಣಗಿತ್ತು. ಬೈತೀರಾ ಅಂತ ತರ್ಲೇ ಇಲ್ಲ.”

“ನಾನು ಅಣ್ಣನ ಹತ್ರ ಉತ್ತರ ಕೇಳಿ ಬರ್ದೆ ಟೀಚರ್, ಪ್ರಯೋಗ ಮಾಡೇ ಇಲ್ಲ,” ಎಂದ ಇನ್ನೊಬ್ಬ. ಆಮೇಲೆ ಮತ್ತೊಬ್ಬ.

ಟೀಚರು ಕುರ್ಚಿಯಲ್ಲಿ ಕೂತುಬಿಟ್ಟರು. ಮುಖ ಸಪ್ಪಗಾಗಿತ್ತು.

“ಅಣ್ಣ, ನಿಮಗಿಂತ ಜಾಸ್ತಿ ನಾಚಿಕೆ ಆಗ್ಬೇಕಾದ್ದು ನನಗೆ,” ಎಂದರು. “ಬಾಡಿದ ಗಿಡ ತಂದವರಿಗೆ ‘ಸರಿಯಾಗಿ ನೋಡ್ಕೊಂಡಿಲ್ಲ’ ಅಂತ ಗದರಿಸಿದ್ದು ನಾನೇ. ಹಸಿರು ಗಿಡಕ್ಕೆ ಬಹುಮಾನ ಕೊಟ್ಟಿದ್ದೂ ನಾನೇ. ಈ ಮಗು ಶನಿವಾರ ಬಾಡಿತ್ತು ಅಂದಾಗ ‘ಹೇಗಮ್ಮಾ?’ ಅಂತ ಇನ್ನೊಂದು ಮಾತು ಕೇಳ್ಬೇಕಿತ್ತು. ಬೇರು, ಕಾಂಡ, ಎಲೆ ಎಲ್ಲ ಹೇಳಿಕೊಟ್ಟೆ. ಕಂಡಿದ್ದನ್ನ ಕಂಡ ಹಾಗೆ ಹೇಳೋ ಧೈರ್ಯ ಮಾತ್ರ ಹೇಳಿಕೊಡ್ಲಿಲ್ಲ. ಅದಿಲ್ದೆ ಯಾವ ವಿಜ್ಞಾನ?”

ನಂತರ ಮಕ್ಕಳ ಕಡೆ ತಿರುಗಿದರು. “ನೋಡ್ರೋ, ಲಾಂಡ್ರಿ ನೀರು ಗಿಡಕ್ಕೆ ಆಗಲ್ಲ ಅನ್ನೋದೂ ಒಂದು ಉತ್ತರವೇ. ಅದು ನಿನ್ನೆಯೇ ಗೊತ್ತಾಗಿದ್ರೆ ಆ ನೀರನ್ನ ತೋಟಕ್ಕೆ ಕೇಳ್ತಾನೇ ಇರ್ಲಿಲ್ಲ ನಾನು. ಗಿಡ ಸತ್ರೂ ಸರಿ, ನಿಜ ಬರೆದು ತನ್ನಿ. ನಾನು ಬೈಯಲ್ಲ.”

ಮಗಳು ಬಹುಮಾನದ ಪುಸ್ತಕವನ್ನು ಟೀಚರ ಮೇಜಿನ ಮೇಲಿಟ್ಟು, ಪ್ರಯೋಗ ಮತ್ತೆ ಮಾಡುತ್ತೇನೆಂದಳು. ಅಪ್ಪನೊಂದಿಗೆ ಮಾತ್ರ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಹೊಸ ಕುಂಡಗಳನ್ನು ಅಂಗಡಿಯ ಮೆಟ್ಟಿಲ ಮೇಲೇ ಇಟ್ಟು, ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ತೂಗುಹಾಕಿದಳು: ‘ಅಪ್ಪ ಮುಟ್ಟಬಾರದು.’

ಬಂದವರೆಲ್ಲ ಓದುವವರೇ. ಕಾಲರು ಸುಟ್ಟ ಅಂಗಿಯ ಯಜಮಾನನಂತೂ ಬೇಕೆಂದೇ ಎರಡು ಸಲ ಗಟ್ಟಿಯಾಗಿ ಓದಿದ.

“ಏನಯ್ಯಾ ಇದು? ಮಾವಿನ ಮರಕ್ಕೆ ಕಾವಲು ಹಾಕಿದ ಹಾಗೆ! ಏನು ಕದ್ದೆ?”

ಅವನ ಮುಖ ಕೆಂಪಾಯಿತು. ರಟ್ಟನ್ನು ಮಾತ್ರ ತೆಗೆಯಲಿಲ್ಲ. “ಮಗಳ ಸೋಲು ಕದ್ದಿದ್ದೆ ಯಜಮಾನ್ರೇ. ಕೂತ್ಕೊಳ್ಳಿ, ಹೇಳ್ತೀನಿ,” ಎಂದ.

ಅಪ್ಪಂದಿರೇ, ಅಮ್ಮಂದಿರೇ, ಆ ಕಥೆಯನ್ನೇ ನಿಮಗೂ ಹೇಳಿದ್ದು. ನಿಮ್ಮ ಮಗುವಿನ ಪ್ರಯೋಗ ಕೆಟ್ಟರೆ ಕೆಡಲಿ ಬಿಡಿ. ನೀರು ಹೊತ್ತು ಕೊಡಿ, ಮಣ್ಣು ತಂದುಕೊಡಿ, ಉತ್ತರವನ್ನು ಮಾತ್ರ ತಿದ್ದಬೇಡಿ. ಟೀಚರುಗಳೇ, ಮೇಷ್ಟ್ರುಗಳೇ, ಪುಸ್ತಕದಲ್ಲಿಲ್ಲದ ಉತ್ತರ ತಂದ ಮಗುವನ್ನು ಗದರಿಸುವ ಮುನ್ನ ಪಕ್ಕದಲ್ಲಿ ಕೂತು ಇನ್ನೊಂದು ಸಲ ನೋಡಿ. ಅಂಕ ಇಂದಲ್ಲ ನಾಳೆ ಬಂದೀತು. ‘ನಾನು ನೋಡಿದ್ದು ಇದು’ ಎನ್ನುವ ಗಟ್ಟಿತನ ಒಮ್ಮೆ ಹೋದರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹಾಂ, ನಿನ್ನೆ ಬೆಳಿಗ್ಗೆ ಲಾಂಡ್ರಿ ನೀರಿನ ಸಸಿಯಲ್ಲಿ ಒಂದು ಎಲೆ ಹಳದಿಯಾಗಿತ್ತು. ಅಂಗಡಿ ಗುಡಿಸುತ್ತಿದ್ದ ಅಪ್ಪನ ಕಣ್ಣಿಗೇ ಅದು ಮೊದಲು ಬಿತ್ತು. ಚಿವುಟಿಬಿಡಲು ಬೆರಳು ಮುಂದಾಯಿತು. ಅವನು ಆ ಕೈಯನ್ನು ಹಿಂದೆ ಕಟ್ಟಿಕೊಂಡು, ಒಳಗೆ ಹಲ್ಲುಜ್ಜುತ್ತಿದ್ದ ಮಗಳನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಕರೆದ.